ಇಬ್ಬರೂ ಹಿಂದಕ್ಕೆ ಇಟ್ಟ ಹೆಜ್ಜೆ

ಮನೆಯಿಂದ, ಮೂರನೆಯ ಮಹಡಿ
೧೪ ಸೆಪ್ಟೆಂಬರ್, ಭಾನುವಾರ, ಬೆಳಗ್ಗೆ ಹತ್ತೂವರೆ

ಪ್ರೀತಿಯ ಇವಳೇ,

ಇಪ್ಪತ್ತನಾಲ್ಕು ವರ್ಷ ಹೀಗೆಯೇ ಕರೆದಿರುವುದರಿಂದ ಕಾಗದದಲ್ಲಿ ಬೇರೆ ಸಂಬೋಧನೆ ಹುಡುಕಲು ಹೋಗಲಿಲ್ಲ. ಕ್ಷೇಮವಾಗಿದ್ದೀಯ ಎಂದು ನಂಬಿದ್ದೇನೆ. ಬಲಭುಜದ ನೋವು ಹೇಗಿದೆ? ಕಪ್ಪುಹಲಗೆಯ ಮೇಲಿನ ಸಾಲಿಗೆ ಕೈ ಎತ್ತಲಾಗುತ್ತಿಲ್ಲ ಎಂದು ಅತ್ತಿಗೆ ಕಳೆದ ತಿಂಗಳು ಹೇಳಿದ್ದರು. ಮಕ್ಕಳಲ್ಲಿ ಎತ್ತರದವರನ್ನು ಕರೆದು ಬರೆಸು. ಯಾರ ಕೈಯಲ್ಲೂ ಕೆಲಸ ಮಾಡಿಸಿ ನಿನಗೆ ಅಭ್ಯಾಸವಿಲ್ಲ ಎಂಬುದು ಗೊತ್ತಿದ್ದೂ ಹೇಳುತ್ತಿದ್ದೇನೆ. ನಾನು ಆರೋಗ್ಯವಾಗಿದ್ದೇನೆ. ತೂಕ ಎರಡು ಕಿಲೋ ಇಳಿದಿದೆ. ಕಾಯಿಲೆಯಿಂದಲ್ಲ, ಕಾರಣವನ್ನು ಮುಂದೆ ಬರೆಯುತ್ತೇನೆ. ನೀನು ನಿನ್ನ ಅಕ್ಕನ ಊರಿನ ಶಾಲೆಗೆ ವರ್ಗ ಮಾಡಿಸಿಕೊಂಡು ಹೋಗಿ ಈಗ ಹತ್ತು ತಿಂಗಳು. ವಾರಕ್ಕೊಮ್ಮೆ ಫೋನಿನಲ್ಲಿ ಗ್ಯಾಸು ಬಂತಾ, ನೀರು ಬಂತಾ ಎಂಬಲ್ಲಿಗೆ ನಮ್ಮ ಮಾತು ಮುಗಿಯುತ್ತದೆ. ಅಷ್ಟರಲ್ಲಿ ಹೇಳಲಾಗದ ಒಂದು ವಿಷಯ ಇರುವುದರಿಂದ ಬರೆಯಲು ಕೂತಿದ್ದೇನೆ. ಮದುವೆಯಾದ ಮೇಲೆ ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ತಪಾಸಣೆಯ ವರದಿಯ ಹಾಗೆ ಕಂಡರೆ ಕ್ಷಮಿಸು. ಲಿಫ್ಟ್ ಇನ್ಸ್‌ಪೆಕ್ಟರನಿಗೆ ಬೇರೆ ಬರವಣಿಗೆ ಬರುವುದಿಲ್ಲ.

ನೀನು ಹೊರಟ ದಿನ ಕೇಳಿದ ಪ್ರಶ್ನೆ ನೆನಪಿದೆ. ಅದನ್ನು ಕೇಳಿದ್ದು ಅಂದು ಮೂರನೆಯ ಸಲ. ಆಸ್ಪತ್ರೆಯ ಹನ್ನೊಂದನೆಯ ದಿನ ಮಧ್ಯಾಹ್ನ, ಎರಡು ತುತ್ತು ತಿಂದು ಬಾ ಎಂದು ನಿನ್ನನ್ನು ಕೆಳಗಿನ ಕ್ಯಾಂಟೀನಿಗೆ ಕಳಿಸಿದವನು ನಾನು. ನೀನು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಮಗ ಇರಲಿಲ್ಲ. "ನಾನು ಕೆಳಗೆ ಹೋಗಿದ್ದಾಗ ಅವನು ಏನಾದ್ರೂ ಹೇಳಿದ್ನಾ?" ಎಂದು ಹೊರಡುವಾಗಲೂ ನೀನು ಕೇಳಿದೆ. ಎರಡು ನಲವತ್ತಕ್ಕೆ ನಾಡಿ ನಿಂತಿತು ಎಂದು ನಾನು ಹೇಳಿದೆ. "ರೀ, ನಾನು ಟೈಮ್ ಕೇಳಲಿಲ್ಲ" ಎಂದು ನೀನು ಚೀಲದ ಜಿಪ್ ಎಳೆದುಕೊಂಡೆ. ಆ ಹನ್ನೊಂದು ದಿನವೂ ಗಂಟೆಗಂಟೆಗೆ ಅವನ ಜ್ವರ, ನಾಡಿ, ಉಸಿರನ್ನು ನಾನು ಬರೆದಿಟ್ಟ ಹಾಳೆಗಳನ್ನು ನೋಡಿ, "ನಿಮಗೆ ಅವನು ಮಗ ಅಲ್ಲ, ಇನ್ನೊಂದು ಲಿಫ್ಟು" ಎಂದೂ ಅಂದಿದ್ದೆ. ಎರಡಕ್ಕೂ ನಾನು ಉತ್ತರ ಕೊಡಲಿಲ್ಲ. ಉತ್ತರ ಇರಲಿಲ್ಲವೆಂದಲ್ಲ. ಈ ಕಾಗದ ಕೊನೆಗೆ ಅಲ್ಲಿಗೇ ಬರಬೇಕು, ಆದರೆ ದಾರಿ ಸ್ವಲ್ಪ ಸುತ್ತು. ಅರ್ಧದಲ್ಲಿ ಮಡಿಚಿಡಬೇಡ.

ಜೂನ್ ತಿಂಗಳಲ್ಲಿ ಕಛೇರಿಯಿಂದ ನನ್ನನ್ನು ಹಳೆಯ ನಾಟಕಮಂದಿರದ ತಪಾಸಣೆಗೆ ಕಳಿಸಿದರು. ಅಲ್ಲಿ ರಂಗದ ನಡುವೆ ನೆಲದ ಒಂದು ತುಂಡೇ ಲಿಫ್ಟಿನ ಹಾಗೆ ಕೆಳಗಿಳಿದು ಮೇಲೇಳುವ ವ್ಯವಸ್ಥೆ ಇದೆ. ಅದರ ಕೆಳಗಿನ ಗುಂಡಿಗೆ ಇಳಿದು ಬ್ರೇಕು ನೋಡುವುದು ಹತ್ತು ನಿಮಿಷದ ಕೆಲಸ. ನಾನು ನಲವತ್ತು ನಿಮಿಷ ಅಲ್ಲೇ ನಿಂತೆ, ಟಾರ್ಚು ಆರಿಸಿಕೊಂಡು. ಮೇಲೆ ತಾಲೀಮು ನಡೆಯುತ್ತಿತ್ತು. ಒಬ್ಬ ಹೆಂಗಸು, ತೀರಿಹೋದ ಗಂಡನ ಚಪ್ಪಲಿಗಳು ಇನ್ನೂ ಬಾಗಿಲ ಹೊರಗೇ ಇವೆ, ಕಳ್ಳರಿಗೆ ಮನೇಲಿ ಗಂಡಸಿದ್ದಾನೆ ಅಂತ ಭಯ ಇರ್ಲಿ ಅಂತ ಬಿಟ್ಟಿದೀನಿ, ಎಂದು ಹೇಳಿ ತಾನೇ ನಕ್ಕಳು. ನಾನು ಮೇಲೆ ಬಂದಾಗ ನಾಟಕದ ನಿರ್ದೇಶಕಿ ಗುಂಡಿಯ ಬಾಯಲ್ಲೇ ಕಾದಿದ್ದರು. ಅರವತ್ತರ ಆಸುಪಾಸು, ಆಳು ಚಿಕ್ಕದು, ದನಿ ದೊಡ್ಡದು. ಬ್ರೇಕಿನ ಹಿಡಿತ ಸವೆದಿದೆ, ಪ್ರಮಾಣಪತ್ರ ಕೊಡಲಾಗುವುದಿಲ್ಲ ಎಂದು ನಾನು ಶುರು ಮಾಡಿದೆ. "ಬ್ರೇಕಿನ ಕತೆ ಆಮೇಲೆ ಹೇಳಿ ಸಾರ್," ಎಂದರು ಆಕೆ. "ನಿಮ್ಮ ಮನೇಲಿ ಯಾರು ಹೋಗಿದಾರೆ?" ಇಷ್ಟು ನೇರವಾಗಿ ನನ್ನನ್ನು ಯಾರೂ ಕೇಳಿರಲಿಲ್ಲ. ಮಗ, ಇಪ್ಪತ್ತು ವರ್ಷ, ಎಂದೆ. ಆ ಎರಡು ಮಾತನ್ನು, ಅವನು ಹೋದ ಮೇಲಿನ ಹದಿಮೂರು ತಿಂಗಳಲ್ಲಿ, ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಆ ನಾಟಕದಲ್ಲಿ ನಟರಿಲ್ಲ. ಮನೆಯವರೊಬ್ಬರನ್ನು ಕಳೆದುಕೊಂಡ ಆರು ಜನ, ಅವರವರ ಮಾತು ಅವರವರೇ ಆಡುತ್ತಾರೆ. ಆಮೇಲೆ ಒಬ್ಬೊಬ್ಬರೂ ಮುಂದೆ ಬಂದು, ಹೋದವರ ಬಗ್ಗೆ ಇದುವರೆಗೆ ಯಾರಿಗೂ ಹೇಳದ ಒಂದು ವಾಕ್ಯ ಹೇಳಬೇಕು. ಕೊನೆಗೆ ಮೂರು ಜೋಡಿಯಾಗಿ ವಾಲ್ಟ್ಜ್ ಕುಣಿಯಬೇಕು. ವಾಲ್ಟ್ಜ್ ಎಂದರೆ ಹಿಂದಿನ ಕಾಲದ ದೊಡ್ಡ ಮನೆಗಳ ಹಜಾರದಲ್ಲಿ ಗಂಡು ಹೆಣ್ಣು ಎದುರುಬದುರು ನಿಂತು, ಕೈ ಹಿಡಿದು, ಒಂದು-ಎರಡು-ಮೂರು ಎಂಬ ಎಣಿಕೆಗೆ ಸುತ್ತುತ್ತ ಹೋಗುವ ಕುಣಿತ. ಆರನೆಯವರೊಬ್ಬರು ಕಾಲು ಉಳುಕಿಸಿಕೊಂಡು ಬಿಟ್ಟುಹೋಗಿದ್ದರಿಂದ ಜೋಡಿ ಕೆಟ್ಟಿತ್ತು. ಆ ಜಾಗಕ್ಕೆ ನೀವು ಬನ್ನಿ ಎಂದು ನಿರ್ದೇಶಕಿ ನನ್ನನ್ನು ಕರೆದರು. ನೀನು ನಗುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ನಮ್ಮ ಮದುವೆಯ ಫೋಟೋದಲ್ಲಿಯೇ ನಾನು ಕಂಬದ ಹಾಗೆ ನಿಂತಿದ್ದೇನೆ ಎಂದು ಅತ್ತಿಗೆ ಇಂದಿಗೂ ಆಡಿಕೊಳ್ಳುತ್ತಾರೆ. ಎಲ್ಲರಿಗೂ ಗೊತ್ತಿರುವ ಸುಲಭದ ಕುಣಿತ ಯಾವುದಾದರೂ ಸಾಲದೇ ಎಂದು ಕೇಳಿದೆ. "ಗೊತ್ತಿರೋದು ಕೊಟ್ರೆ ಚೆನ್ನಾಗಿ ಕುಣೀತೀರಿ ಸಾರ್. ಚೆನ್ನಾಗಿ ಕುಣಿಯೋರು ನನಗೆ ಬೇಡ. ಸಾವು ಬಂದ ಮನೇಲಿ ಎಲ್ಲಾರೂ ಹೊಸಬರೇ ಅಲ್ವಾ? ಅದು ಬೇಕು" ಎಂದರು. ಒಪ್ಪಿಕೊಂಡೆ. ಏಕೆ ಒಪ್ಪಿದೆ ಎಂದು ಕೇಳಿದರೆ, ಸಂಜೆ ಆರಕ್ಕೆ ಬೀಗ ತೆಗೆದು ಖಾಲಿ ಮನೆಗೆ ಬರುವುದಕ್ಕಿಂತ ಎಂಟಕ್ಕೆ ಬರುವುದು ಮೇಲು ಎನಿಸಿತು ಎಂಬುದು ನಿಜವಾದ ಉತ್ತರ.

ಕಲಿಸುವವರು ಒಬ್ಬ ಟೈಲರ್. ಹರೆಯದಲ್ಲಿ ಎಲ್ಲೋ ಕಲಿತಿದ್ದರಂತೆ. ಅಂಗಡಿ ಮುಚ್ಚಿ, ಟೇಪನ್ನು ಕೊರಳಲ್ಲಿ ಹಾಗೆಯೇ ಬಿಟ್ಟುಕೊಂಡು ಬರುತ್ತಾರೆ. ಅವರಿಗೆ ನಾವಿಟ್ಟ ಹೆಸರು ಒನ್-ಟೂ-ತ್ರೀ ಮೇಷ್ಟ್ರು. ನನ್ನ ಜೋಡಿಯಾಗಿ ಕೊಟ್ಟದ್ದು ಆ ಚಪ್ಪಲಿಯ ಹೆಂಗಸನ್ನು. ಬೇಕರಿ ನಡೆಸುತ್ತಾರೆ. ದಪ್ಪ ಜೀವ, ಮಾತು ಮಾತಿಗೆ ತಮಾಷೆ; ಬಿಸಿ ಒಲೆಯ ಮುಂದೆ ಮೂವತ್ತು ವರ್ಷ ನಿಂತ ಕೈ. ಆ ಕೈ ಹಿಡಿಯುವುದೇ ನನಗೆ ಮೊದಲ ಕಷ್ಟವಾಯಿತು. ಎಡಗೈಯಲ್ಲಿ ಅವರ ಬಲಗೈ, ನನ್ನ ಬಲ ಅಂಗೈ ಅವರ ಬೆನ್ನಿನ ಮೇಲೆ ಎಂಬುದು ನಿಯಮ. ನಾನು ಎರಡು ಬೆರಳಿನ ತುದಿಯಲ್ಲಿ ಹಿಡಿದೆ. "ಪೂರ್ತಿ ಹಿಡೀರಿ ಸಾರ್, ಕರೆಂಟ್ ಹೊಡೆಯಲ್ಲ" ಎಂದರು. ಮರುದಿನವೂ ಹಾಗೇ ಹಿಡಿದೆ. "ಹಿಟ್ಟಿನಲ್ಲಿ ಕೂದಲು ಸಿಕ್ಕಿದ್ರೆ ನಾವು ಹೀಗೇ ಹಿಡಿಯೋದು" ಎಂದು ಎಲ್ಲರಿಗೂ ತೋರಿಸಿದರು. ಮೇಷ್ಟ್ರು ಹತ್ತಿರ ಬಂದು ನನ್ನ ಭುಜಗಳ ಅಳತೆ ತೆಗೆಯುವವರ ಹಾಗೆ ನೋಡಿ, ಕೈಗೆ ಏನೂ ಆಗಿಲ್ಲ, ಕೈ ಕೊಡೋ ಮನಸ್ಸಿಗೆ ಏನೋ ಆಗಿದೆ, ಎಂದು ಅವರ ಪಾಡಿಗೆ ಹೇಳಿಕೊಂಡು ಹೋದರು. ನಾನು ಆ ದಿನ ಬೇಗ ಮನೆಗೆ ಬಂದೆ.

ಹೆಜ್ಜೆಗಳನ್ನಾದರೂ ತಪ್ಪಿಲ್ಲದೆ ಕಲಿತುಬಿಡೋಣ ಎಂದು ಮೇಷ್ಟ್ರ ಬಳಿ ಹಾಳೆಯಲ್ಲಿ ಬರೆದುಕೊಡಲು ಕೇಳಿದೆ. ಅವರ ಹತ್ತಿರ ಹಳೆಯ ಪುಸ್ತಕವೊಂದರ ಜೆರಾಕ್ಸ್ ಇತ್ತು; ಪಾದಗಳ ಚಿತ್ರ, ಬಾಣದ ಗುರುತು, ಅಂಕಿ. ತಲೆಬರಹ ಜೆರಾಕ್ಸಿನಲ್ಲಿ ಕತ್ತರಿಸಿಹೋಗಿತ್ತು. ಅಭ್ಯಾಸಕ್ಕೆ ಮೂರು ಮೀಟರ್ ಚದರ ಜಾಗ ಬೇಕು. ನಮ್ಮ ಮನೆಯಲ್ಲಿ ಅಷ್ಟು ಖಾಲಿ ನೆಲ ಇರುವುದು ಅವನ ಕೋಣೆಯಲ್ಲಿ ಮಾತ್ರ. ನಿನ್ನನ್ನು ಕೇಳದೆ ತೆರೆದೆ. ಓದುವ ಮೇಜನ್ನು ಕಿಟಕಿಯ ಕಡೆಗೆ ಮೂವತ್ತು ಸೆಂಟಿಮೀಟರ್ ಸರಿಸಿದ್ದೇನೆ. ಮೊದಲಿದ್ದ ಜಾಗದ ಗುರುತು ಗೋಡೆಯ ಮೇಲೆ ಪೆನ್ಸಿಲಿನಲ್ಲಿದೆ, ನೀನು ಹೇಳಿದರೆ ಅಲ್ಲಿಗೇ ತಿರುಗಿ ಇಡುತ್ತೇನೆ. ಬೇರೇನನ್ನೂ ಮುಟ್ಟಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ರಸಮಟ್ಟ ಇಟ್ಟು ನೋಡಿದೆ, ನೆಲ ನಿಜವಾಗಿಯೂ ನಾಲ್ಕು ಮಿಲಿಮೀಟರ್ ಡೊಂಕಿದೆ. ಆದರೆ ನನ್ನ ಕುಣಿತದ ಡೊಂಕಿಗೆ ಅದು ಕಾರಣವಲ್ಲ. ಚಾಕಿನಲ್ಲಿ ಪಾದಗಳನ್ನು ಬರೆದು, ಹನ್ನೆರಡು ಸಂಜೆ ಅವುಗಳ ಮೇಲೆ ಕಾಲಿಟ್ಟು ಕಲಿತೆ. ಕೆಳಗಿನ ಮನೆಯಾಕೆ ಮೆಟ್ಟಿಲಲ್ಲಿ ಸಿಕ್ಕಿ, ಮೇಲೆ ಓಡಾಡೋ ಸದ್ದು ಕೇಳ್ತು, ಅಮ್ಮಾವ್ರು ಬಂದ್ರಾ, ಎಂದು ಮುಖವರಳಿಸಿ ಕೇಳಿದರು. ಇಲ್ಲ, ನಾನೊಬ್ಬನೇ, ಎಂದೆ. ಒಬ್ಬರೇನಾ ಅಷ್ಟೊಂದು ಸದ್ದು, ಎಂದು ಅವರು ಅನುಮಾನದಿಂದ ನೋಡಿದರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಆ ಹಾಳೆಯಲ್ಲಿ ಎರಡು ಬಗೆಯ ಪಾದಗಳಿದ್ದವು, ಕಪ್ಪು ತುಂಬಿದವು ಮತ್ತು ಬರೀ ಗೆರೆಯವು. ನಮ್ಮ ಕೆಲಸದ ನಕ್ಷೆಗಳಲ್ಲಿ ಕಪ್ಪು ತುಂಬಿದ್ದೆಂದರೆ ಕದಲದ ಗೋಡೆ. ಗೆರೆಯಲ್ಲಿ ಬರೆದದ್ದು ಚಲಿಸುವ ಪೆಟ್ಟಿಗೆ. ಮೂವತ್ತು ವರ್ಷ ಹಾಗೆ ಓದಿದ ಕಣ್ಣು. ಕಪ್ಪು ಪಾದಗಳು ಆಧಾರಕ್ಕೆಂದು ಕೊಟ್ಟದ್ದು, ನಾನು ಇಡಬೇಕಾದ ಹೆಜ್ಜೆ ಗೆರೆಯವು, ಎಂದು ಯೋಚನೆಯನ್ನೂ ಮಾಡದೆ ತೀರ್ಮಾನಿಸಿದ್ದೆ. ಹದಿಮೂರನೆಯ ಸಂಜೆ ಎಲ್ಲರೆದುರು ಬೇಕರಿಯಾಕೆಯ ಕೈಯನ್ನು ಬೆರಳ ತುದಿಯಲ್ಲಿ ಹಿಡಿದು ನಿಂತೆ. ಮೇಷ್ಟ್ರು ಒನ್ ಎಂದರು. ನಾನು ಬಲಗಾಲನ್ನು ಹಿಂದಕ್ಕಿಟ್ಟೆ, ಅಳತೆಗೆ ಸರಿಯಾಗಿ. ಆಕೆಯೂ ಬಲಗಾಲನ್ನು ಹಿಂದಕ್ಕಿಟ್ಟರು. ನಾನು ಕಲಿತದ್ದು ಹೆಂಗಸಿನ ಹೆಜ್ಜೆಗಳನ್ನು. ಇಬ್ಬರ ಕೈಯೂ ನೆಟ್ಟಗೆ ಎಳೆದುಕೊಂಡು, ಬೆರಳು ಜಾರಿ, ಆಕೆ ಹಿಂದಿದ್ದ ಕುರ್ಚಿಯ ಮೇಲೆ ಧೊಪ್ಪನೆ ಕೂತರು. "ಅಯ್ಯೋ ಸಾರ್, ನನ್ನ ಕಂಡರೆ ಇಷ್ಟು ಭಯಾನಾ!" ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ಟೇಪನ್ನು ಎರಡು ಕೈಯಲ್ಲಿ ಹಿಡಿದು, ಹನ್ನೆರಡು ದಿವಸ ಉಲ್ಟಾ ಹೊಲಿದಿದ್ದೀರಲ್ಲ ಸ್ವಾಮಿ, ಎಂದು ತಲೆ ಚಚ್ಚಿಕೊಂಡರು. ನಿರ್ದೇಶಕಿ ಮಾತ್ರ ನಗಲಿಲ್ಲ. ಇನ್ನೊಂದು ಸಲ ಮಾಡಿ ಎಂದರು. ಮಾಡಿದೆವು. ಮತ್ತೊಂದು ಸಲ ಎಂದರು. ಆಮೇಲೆ, "ಇದನ್ನ ತಿದ್ದಬೇಡಿ, ನಾಟಕದಲ್ಲಿ ಹೀಗೇ ಇರ್ಲಿ. ಈಗ ಯಾರಾದ್ರೂ ಒಬ್ರು ಮುಂದೆ ಬನ್ನಿ" ಎಂದರು. ಬೇಕರಿಯಾಕೆ ನಾನು ಬರಲಿ ಎಂದು ನಿಂತರು, ನಾನು ಆಕೆ ಬರಲಿ ಎಂದು ನಿಂತೆ. ನೀವು ಬನ್ನಿ, ಇಲ್ಲ ನೀವೇ ಬನ್ನಿ. ನಾಲ್ಕು ಮೀಟರ್ ದೂರದಲ್ಲಿ ಇಬ್ಬರು ಮರ್ಯಾದಸ್ಥರು.

ಅಲ್ಲಿ ನಿಂತಾಗ ನನಗೆ ಬೇಕರಿಯಾಕೆ ಕಾಣಲಿಲ್ಲ. ಅವನು ಹೋದ ಮೇಲೆ ಈ ಮನೆಯಲ್ಲಿ ನಾವಿಬ್ಬರೂ ಮಾಡಿದ್ದು ಇದನ್ನೇ. ನೀನು ಅಡುಗೆಮನೆಯಲ್ಲಿ ಅಳುವ ಸದ್ದು ಕೇಳಿದರೆ, ಅವಳ ಪಾಡಿಗೆ ಬಿಡುವುದೇ ಗೌರವ ಎಂದು ನಾನು ಬಾಲ್ಕನಿಗೆ ಹೋಗುತ್ತಿದ್ದೆ. ನಾನು ಬಾಲ್ಕನಿಯಲ್ಲಿ ನಿಂತದ್ದನ್ನು ನೋಡಿ, ಇವರಿಗೆ ಒಬ್ಬರೇ ಇರಬೇಕೇನೋ ಎಂದು ನೀನು ಮಲಗುವ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಯಾರೂ ಯಾರನ್ನೂ ದೂಡಲಿಲ್ಲ. ಹೀಗೆ ಒಂದೊಂದೇ ಹೆಜ್ಜೆ ಸರಿದು ಈಗ ನಮ್ಮ ನಡುವೆ ಆರು ಗಂಟೆಯ ಬಸ್ಸಿನ ದಾರಿ ಬಿದ್ದಿದೆ. ಲಿಫ್ಟು ಕೆಟ್ಟರೆ ದೋಷ ಯಾವ ಭಾಗದ್ದು ಎಂದು ನಾನು ಬರೆಯಲೇಬೇಕು, ಕಾರಣ ತಿಳಿಯದು ಎಂದು ಬರೆಯುವಂತಿಲ್ಲ. ಇಲ್ಲಿಯೂ ಬರೆಯುತ್ತೇನೆ. ನೀನು ಮೂರು ಸಲ ಮುಂದೆ ಬಂದಿದ್ದೆ. ಅವನು ಏನು ಹೇಳಿದ ಎಂದು ಕೇಳಿದ್ದು ಅದೇ ಅಲ್ಲವೇ? ಮೂರು ಸಲವೂ ಹಿಂದೆ ಸರಿದವನು ನಾನು.

ಸರಿಯಾದ ಹೆಜ್ಜೆಗಳನ್ನು ಈಗ ಕಲಿತಿದ್ದೇನೆ. ಕೋಣೆಯ ನೆಲ ಒರೆಸಿ, ಕಪ್ಪು ಪಾದಗಳನ್ನು ಬರೆದುಕೊಂಡು. ನಾಟಕದಲ್ಲಿ ಮೊದಲು ಇಬ್ಬರೂ ಹಿಂದಕ್ಕೆ ಹೋಗುತ್ತೇವೆ, ನಿಲ್ಲುತ್ತೇವೆ, ಆಮೇಲೆ ನಾನು ಮುಂದೆ ಬಂದು ಕುಣಿತ ಶುರುವಾಗುತ್ತದೆ. ತೊಡಕಿರುವುದು ಆ ಒಂದು ವಾಕ್ಯದಲ್ಲಿ. ನಾನು ಏಳು ವಾಕ್ಯ ಬರೆದು ತೋರಿಸಿದೆ. ಅವನ ಎತ್ತರ, ಅವನು ಓದುತ್ತಿದ್ದ ವಿಷಯ, ಸೈಕಲ್ಲಿನ ಚೈನನ್ನು ಆರನೇ ವಯಸ್ಸಿಗೇ ತಾನೇ ಹಾಕಿದ್ದು. ನಿರ್ದೇಶಕಿ ಕನ್ನಡಕ ಏರಿಸಿ ಏಳನ್ನೂ ಓದಿ, ಕಾಗದ ವಾಪಸು ಕೊಟ್ಟು, "ಇವೆಲ್ಲಾ ಗೊತ್ತಿರೋ ವಿಷಯ ಸಾರ್. ಇನ್ನೊಂದಿದೆ. ಅವತ್ತು ಗುಂಡಿಯಿಂದ ಮೇಲೆ ಬಂದಾಗ ನಿಮ್ಮ ಗಂಟಲಲ್ಲಿ ನಿಂತಿತ್ತು" ಎಂದರು. ಬೇಕರಿಯಾಕೆ ಪಕ್ಕದಲ್ಲಿ ಕೂತು ಬನ್ನು ಹಂಚುತ್ತಿದ್ದವರು, ಅವರನ್ನ ಹಿಂಡಬೇಡಿ ಮೇಡಂ, ಉಬ್ಬೋಕೆ ಟೈಮ್ ಕೊಡಿ, ಎಂದರು. ಎಂಟನೆಯ ವಾಕ್ಯ ಮೊನ್ನೆ ಶುಕ್ರವಾರ ಸಿಕ್ಕಿತು. ಸಿಕ್ಕಿತು ಎನ್ನುವುದು ಸುಳ್ಳು. ಅದು ಹದಿನಾರು ತಿಂಗಳಿಂದ ನನ್ನ ಬಳಿಯೇ ಇತ್ತು, ಶುಕ್ರವಾರ ಬರೆದೆ. ಯಾರಿಗೂ ತೋರಿಸಿಲ್ಲ. ಮುನ್ನೂರು ಜನ ಅಪರಿಚಿತರಿಗಿಂತ ಮುಂಚೆ ಅದನ್ನು ಕೇಳಬೇಕಾದವಳು ನೀನು, ಕೇಳಿದವಳೂ ನೀನೇ.

ನಾಟಕ ಈ ತಿಂಗಳ ೨೭ರ ಶನಿವಾರ, ಸಂಜೆ ಆರೂವರೆಗೆ. ನೀನು ಬರಬೇಕೆಂದು ಒತ್ತಾಯವಿಲ್ಲ. ನಾನೇ ೨೧ರ ಭಾನುವಾರ ಬೆಳಗಿನ ಬಸ್ಸಿಗೆ ಹೊರಟು ಅಲ್ಲಿಗೆ ಬರುತ್ತೇನೆ. ನಿನ್ನನ್ನು ಕರೆದುಕೊಂಡು ಹೋಗುವುದಕ್ಕಲ್ಲ, ನಿನ್ನ ಪ್ರಶ್ನೆಗೆ ಎದುರಿಗೆ ಕೂತು ಉತ್ತರ ಹೇಳುವುದಕ್ಕೆ. ಕೇಳಿದ ಮೇಲೆ ಅದನ್ನು ರಂಗದ ಮೇಲೆ ಹೇಳಬಹುದೋ ಬಾರದೋ ನೀನು ನಿರ್ಧರಿಸು. ಬೇಡವೆಂದರೆ ಸೈಕಲ್ಲಿನ ಚೈನಿನ ವಿಷಯ ಹೇಳಿ ಕುಣಿಯುತ್ತೇನೆ. ಅತ್ತಿಗೆಗೂ ಭಾವನವರಿಗೂ ನನ್ನ ನಮಸ್ಕಾರ ತಿಳಿಸು. ನಾನು ಕುಣಿಯುವ ಸಂಗತಿಯನ್ನು ಅತ್ತಿಗೆಗೆ ಈಗಲೇ ಹೇಳಬೇಡ. ಭಾನುವಾರದವರೆಗಾದರೂ ನನ್ನ ಮಾನ ಉಳಿಯಲಿ. ಭುಜಕ್ಕೆ ಬಿಸಿನೀರಿನ ಚೀಲ ಇಟ್ಟುಕೋ. ನಿನ್ನ ಕೈ ನೋವು ಬೇಗ ಇಳಿಯಲಿ, ನಿದ್ದೆ ಬರಲಿ.

ನಿನ್ನ,
ಇವರು

ಮರೆತ ಮಾತು: ಲಕೋಟೆ ಅಂಟಿಸಿ, ಅಂಚೆಪೆಟ್ಟಿಗೆಯವರೆಗೆ ಹೋಗಿ, ವಾಪಸು ಬಂದು ಬಿಚ್ಚಿದ್ದೇನೆ. ಎದುರಿಗೆ ಹೇಳುತ್ತೇನೆ ಎಂದು ಬರೆದದ್ದು ನಾಲ್ಕನೆಯ ಸಲ ಹಿಂದೆ ಸರಿದ ಹಾಗಾಯಿತು. ಎದುರಿಗೆ ಕೂತರೆ ನಾನು ಮತ್ತೆ ಟೈಮ್ ಹೇಳಿಬಿಡುತ್ತೇನೆ. ಆದ್ದರಿಂದ ಇಲ್ಲೇ. ಹೌದು, ಅವನು ಹೇಳಿದ. ಕಣ್ಣು ಬಿಟ್ಟು ನನ್ನನ್ನೇ ನೋಡಿ, "ಅಪ್ಪಾ, ಬರೆದಿದ್ದು ಸಾಕು, ಕೈ ಹಿಡ್ಕೋ" ಎಂದ. ಒಂದು ನಿಮಿಷ ಇರೋ, ಎಂದೆ. ನಾಡಿಯ ಅಂಕಿ ಬರೆದು ಮುಗಿಸಿದೆ, ಪೆನ್ನಿನ ಮುಚ್ಚಳ ಹಾಕಿದೆ, ಆಮೇಲೆ ಹಿಡಿದುಕೊಂಡೆ. ಅಷ್ಟರಲ್ಲಿ ಆಗಿಹೋಗಿತ್ತು. ನೀನು ಬಾಗಿಲಲ್ಲಿ ನಿಂತು ನೋಡಿದ್ದು ಆ ಹಿಡಿದ ಕೈಯನ್ನು. ಅಪ್ಪನ ಕೈಯಲ್ಲಿ ಕೈಯಿಟ್ಟು ಹೋದ, ಅಷ್ಟಾದರೂ ಆಯಿತು, ಎಂದು ನೀನು ಬಂದವರಿಗೆಲ್ಲ ಹೇಳುತ್ತಿದ್ದೆ. ನಾನು ಪಕ್ಕದಲ್ಲೇ ನಿಂತಿದ್ದೆ, ತಿದ್ದಲಿಲ್ಲ.